ಪಾಠಕ್ಕೆ ಹೆದರಲ್ಲ, ಊಟದ ಬೆಲ್ಲಿಗೆ ಹೆದರ್ತಾನೆ: ಶಾಲೆಯಲ್ಲಿ ಓ.ಟಿ. (ಆಕ್ಯುಪೇಷನಲ್ ಥೆರಪಿ) ಹೇಗೆ ನೆರವಾಗುತ್ತೆ?

ಮೂಡಿಗೆರೆ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಮಗನಿಗೆ ಏಳು ತುಂಬಿದೆ, ಎರಡನೇ ಕ್ಲಾಸು. ಓದೋದ್ರಲ್ಲಿ ಚುರುಕು. ಬಸ್ಸಿನ ಬೋರ್ಡು, ಕಾಫಿಪುಡಿ ಪ್ಯಾಕೆಟ್ಟು, ಕಣ್ಣಿಗೆ ಬಿದ್ದಿದ್ದೆಲ್ಲ ಓದ್ತಾನೆ. ಹನ್ನೆರಡರ ತನಕ ಮಗ್ಗಿ ಬರುತ್ತೆ. ಆದ್ರೂ ಹೋದ ವಾರ ಶಾಲೆಯವರು ಕರೆಸಿದ್ರು. "ಪಾಠದ ವಿಷಯಕ್ಕೆ ನಮ್ಮ ದೂರೇನಿಲ್ಲ. ಮಿಕ್ಕಿದ್ದಕ್ಕೆ ನೀವೇ ಬಂದು ಕೂತ್ಕೊಳ್ಳಿ" ಅಂದ್ರು.

ಮಿಕ್ಕಿದ್ದು ಅಂದ್ರೆ? ಪ್ರೇಯರಲ್ಲಿ ಸಾಲು ಬಿಟ್ಟು ಓಡ್ತಾನೆ. ಊಟದ ಡಬ್ಬಿ ತೆಗೆಯೋದೇ ಇಲ್ಲ. ಒಂದಕ್ಕೆ ಹೋಗಲ್ಲ. ಇಂಟರ್ವಲ್ಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಿರ್ತಾನೆ, ಯಾರಾದ್ರೂ ಮೈಗೆ ತಗುಲಿದ್ರೆ ತಳ್ತಾನೆ. ಮನೆಗೆ ಹೊರಡೋ ಹೊತ್ತಿಗೆ ರೇನ್‌ಕೋಟ್ ಹಾಕಿಕೊಳ್ಳೋಕೆ ಬರದೆ ವ್ಯಾನಿನವರು ಕಾಯಬೇಕಾಗುತ್ತೆ.

ಇದರಲ್ಲಿ ಒಂದು ನನಗೆ ಮುಂಚೆಯೇ ಹೊಳೀಬೇಕಿತ್ತು. ದಿನಾ ವ್ಯಾನಿಂದ ಇಳಿದವನು ಶೂ ಕೂಡ ಬಿಚ್ಚದೆ ಬಚ್ಚಲಿಗೆ ಓಡ್ತಿದ್ದ. ಬೆಳಿಗ್ಗೆ ತುಂಬಿ ಕಳಿಸಿದ ನೀರಿನ ಬಾಟ್ಲಿ ಹಾಗೇ ವಾಪಸ್ ಬರ್ತಿತ್ತು. ಮಳೆಗಾಲ, ಚಳಿಗೆ ಕುಡಿದಿರಲ್ಲ ಅಂದ್ಕೊಂಡೆ. ಮೊನ್ನೆ ರಾತ್ರಿ ಪಕ್ಕದಲ್ಲಿ ಮಲಗಿಸ್ಕೊಂಡು ಮೆಲ್ಲಗೆ ಕೇಳಿದಾಗ ಹೇಳಿದ: "ಕುಡಿದ್ರೆ ಅಲ್ಲಿ ಹೋಗ್ಬೇಕಲ್ಲಮ್ಮ." ಇಡೀ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಡಾಕ್ಟರು ಆಕ್ಯುಪೇಷನಲ್ ಥೆರಪಿ ಬರೆದಿದ್ದಾರೆ. ವಾರಕ್ಕೊಮ್ಮೆ ಚಿಕ್ಕಮಗಳೂರಿಗೆ ಹೋಗಿ ಬರ್ತೀವಿ, 30 ಕಿಲೋಮೀಟರ್. ಅಲ್ಲಿ ಉಯ್ಯಾಲೆ, ದೊಡ್ಡ ಚೆಂಡು, ಮಣಿ ಪೋಣಿಸೋದು ಎಲ್ಲ ಖುಷಿಯಾಗಿ ಮಾಡ್ತಾನೆ. ಶಾಲೆಯಲ್ಲಿ ಮಾತ್ರ ಏನೂ ಬದಲಾಗಿಲ್ಲ. ಈ ಥೆರಪಿ ಊಟಕ್ಕೆ, ಆಟಕ್ಕೆ, ಟಾಯ್ಲೆಟ್ಟಿಗೆ ನೆರವಾಗುತ್ತಾ? ಶಾಲೆಯವರ ಹತ್ತಿರ ನಾನು ಏನಂತ ಕೇಳಬೇಕು? ದಾರಿ ಕಂಡವರು ಹೇಳಿ.

ಕೊಪ್ಪದ ಅಜ್ಜಿ:

ನೀರು ಕುಡಿಯದ ವಿಷಯ ಓದಿ ಹೊಟ್ಟೆ ಚುರ್ ಅಂತು ಮಗಳೇ. ನನ್ನ ಮೊಮ್ಮಗಳಿಗೂ ಆರು ವರ್ಷದವರೆಗೆ ನಾನೇ ಕಲಸಿ ತುತ್ತು ಇಡ್ತಿದ್ದೆ. ಥೆರಪಿಯವರು, "ಅಜ್ಜಿ, ನೀವು ಕಲಸಬೇಡಿ, ಅವಳ ಕೈ ಅನ್ನದಲ್ಲಿ ಓಡಾಡಲಿ" ಅಂದ್ರು. ಮೊದಮೊದಲು ತಟ್ಟೆಗಿಂತ ನೆಲದ ಮೇಲೇ ಜಾಸ್ತಿ ಬೀಳ್ತಿತ್ತು. ಈಗ ಕಡುಬು ಮುರಿದು ಚಟ್ನಿಗೆ ಅದ್ದಿ ತಿಂತಾಳೆ. ಧೈರ್ಯವಾಗಿರು.

ಹಾಸನದ ಓ.ಟಿ.:

ಅಮ್ಮ, ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್. ಮಗುವನ್ನು ನೋಡದೆ ಇದೇ ಕಾರಣ ಎಂದು ಹೇಳಲಾರೆ. ನಾವು ಯಾವ ದಾರಿಯಲ್ಲಿ ಯೋಚಿಸುತ್ತೇವೆ ಅನ್ನುವುದನ್ನಾದರೂ ಹೇಳುತ್ತೇನೆ.

ಓ.ಟಿ. ಅಂದರೆ ಆಪರೇಷನ್ ಥಿಯೇಟರ್ ಅಂದುಕೊಳ್ಳುವವರು ಇನ್ನೂ ಇದ್ದಾರೆ. ಆಕ್ಯುಪೇಷನ್ ಅನ್ನುವ ಮಾತಿಗೆ ನಮ್ಮಲ್ಲಿ ಅರ್ಥ ದೊಡ್ಡದು. ಮನುಷ್ಯ ಎದ್ದಾಗಿನಿಂದ ಮಲಗುವವರೆಗೆ ಮಾಡುವ ಕೆಲಸಗಳೆಲ್ಲ ಅದರಲ್ಲಿ ಬಂತು. ಏಳು ವರ್ಷದ ಮಗುವಿಗೆ ಉಣ್ಣುವುದು, ಉಡುವುದು, ಆಡುವುದು, ಒಂದಕ್ಕೆ ಎರಡಕ್ಕೆ ಹೋಗುವುದು, ಸಾಲಿನಲ್ಲಿ ನಿಲ್ಲುವುದು, ಗೆಳೆಯರನ್ನು ಮಾಡಿಕೊಳ್ಳುವುದು. ಶಾಲೆಯವರು "ಮಿಕ್ಕಿದ್ದು" ಅಂದರಲ್ಲ, ನಮ್ಮ ವಿದ್ಯೆಯ ಹೃದಯವೇ ಅಲ್ಲಿದೆ. ನಾನು ಶಾಲೆಗೆ ಹೋಗುವ ದಿನ ಊಟದ ಬೆಲ್ಲಿಗೆ ಹತ್ತು ನಿಮಿಷ ಮುಂಚೆ ಹೋಗಿ ಒಂದು ಮೂಲೆಯಲ್ಲಿ ಸುಮ್ಮನೆ ಕೂರುತ್ತೇನೆ.

ಡಬ್ಬಿಯಿಂದಲೇ ಶುರು ಮಾಡೋಣ. ಡಬ್ಬಿ ತೆಗೆಯಲು ಒಂದು ಕೈ ಅದನ್ನು ಒತ್ತಿ ಹಿಡಿಯಬೇಕು, ಇನ್ನೊಂದು ಕೈ ಕ್ಲಿಪ್ಪು ಎತ್ತಬೇಕು. ಎರಡು ಕೈ ಎರಡು ಬೇರೆ ಕೆಲಸ ಮಾಡಬೇಕಾದರೆ ಸೊಂಟ, ಬೆನ್ನು ಅಲುಗಾಡದೆ ನಿಂತಿರಬೇಕು. ಬೆನ್ನು ನಿಲ್ಲಬೇಕಾದರೆ ಪಾದ ನೆಲ ಮುಟ್ಟಿರಬೇಕು. ಎಷ್ಟೋ ಶಾಲೆಗಳಲ್ಲಿ ಎರಡನೇ ಕ್ಲಾಸಿನ ಮಕ್ಕಳು ದೊಡ್ಡವರ ಬೆಂಚಿನ ಮೇಲೆ ಕಾಲು ಜೋಲಾಡಿಸಿಕೊಂಡು ಕೂತಿರುತ್ತಾರೆ. ಆ ಮಗುವಿನ ಬಲವೆಲ್ಲ ಬೀಳದೆ ಕೂರುವುದಕ್ಕೇ ಖರ್ಚಾಗುತ್ತದೆ. ಹೀಗಿದ್ದ ಒಂದು ಮಗುವಿನ ಕಾಲ ಕೆಳಗೆ ಒಂದು ಮಣೆ ಇಟ್ಟೆವು. ಅದೇ ದಿನ ಅದರ ಎಡಗೈ ಬೆಂಚಿನ ಅಂಚು ಬಿಟ್ಟು ಡಬ್ಬಿಗೆ ಬಂತು. ಅಷ್ಟು ದಿನ ಆ ಕೈ ಬೆಂಚು ಹಿಡಿಯುವ ಕೆಲಸ ಮಾಡುತ್ತಿತ್ತು, ಯಾರೂ ಗಮನಿಸಿರಲಿಲ್ಲ.

ಆಮೇಲೆ ಟಾಯ್ಲೆಟ್ಟು. ಇದನ್ನು ಒಂದೇ ಕೆಲಸ ಅಂದುಕೊಳ್ಳಬೇಡಿ. ಒತ್ತಡ ಬಂದಿರುವುದು ಗೊತ್ತಾಗಬೇಕು, ಟೀಚರಿಗೆ ಹೇಳಬೇಕು, ಬೆಲ್ಟು ಬಿಚ್ಚಬೇಕು, ಹುಕ್ಕು, ಜಿಪ್ಪು, ಒದ್ದೆ ನೆಲ, ವಾಸನೆ, ಸದ್ದು, ಹಿಂದೆ ತಳ್ಳುವ ದೊಡ್ಡ ಹುಡುಗರು, ಮತ್ತೆ ಎಲ್ಲ ಹಾಕಿಕೊಂಡು ಕೈ ತೊಳೆದು ಬರಬೇಕು. ನಿಮ್ಮ ಮಗ ಇದರಲ್ಲಿ ಎಲ್ಲಿ ನಿಲ್ಲುತ್ತಾನೆ ಅನ್ನುವುದನ್ನು ಮೊದಲು ಕಂಡುಹಿಡಿಯಬೇಕು. ಒಬ್ಬನಿಗೆ ಹುಕ್ಕಿನ ಚಡ್ಡಿ ತೆಗೆದು ಎಲಾಸ್ಟಿಕ್ ಹೊಲಿಸಿದರೆ ಮುಗಿಯಿತು. ಇನ್ನೊಬ್ಬನಿಗೆ ಬೆಲ್ಲಿಗೆ ಐದು ನಿಮಿಷ ಮುಂಚೆ, ಟಾಯ್ಲೆಟ್ಟು ಖಾಲಿ ಇರುವಾಗ ಕಳಿಸಿದರೆ ಸಾಕು. ಕುಕ್ಕರಗಾಲಿನಲ್ಲಿ ಕೂತರೆ ಮುಗ್ಗರಿಸುವ ಮಗುವಿಗೆ ಗೋಡೆಯಲ್ಲಿ ಹಿಡಿದುಕೊಳ್ಳಲು ಒಂದು ಸರಳು ಬೇಕು. ಕಾರಣ ನೋಡದೆ "ಹೋಗೋ, ಹೋಗೋ" ಅಂದರೆ ಮಗು ಇನ್ನಷ್ಟು ಬಿಗಿಹಿಡಿಯುತ್ತದೆ. ನೀರು ಕುಡಿಯದೆ, ತಡೆದುಕೊಂಡು ಇದ್ದರೆ ಮಲಬದ್ಧತೆ, ಮೂತ್ರದ ಸೋಂಕು ಬರುವ ಅಪಾಯವೂ ಇದೆ. ಆದ್ದರಿಂದ ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ಹಿಡಿದುಕೊಳ್ಳಿ, ಮಕ್ಕಳ ಡಾಕ್ಟರಿಗೂ ತಿಳಿಸಿ.

ಉಯ್ಯಾಲೆಯ ಬಗ್ಗೆ ಕೇಳಿದಿರಿ. ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ 1960-70ರ ದಶಕದಲ್ಲಿ, ಕಿವಿ, ಚರ್ಮ, ಕೀಲು, ಮೈಯ ಸಮತೋಲನ ಇವುಗಳಿಂದ ಬರುವ ಸುದ್ದಿಯನ್ನು ಮಿದುಳು ಹೇಗೆ ಹೊಂದಿಸಿಕೊಳ್ಳುತ್ತದೆ ಅನ್ನುವ ವಿಚಾರವನ್ನು ಬೆಳೆಸಿದರು. ಉಯ್ಯಾಲೆ ಬಂದದ್ದು ಆ ದಾರಿಯಿಂದ. ಅದರಿಂದ ಮಗು ಶಾಂತವಾಗಬಹುದು, ಮೈ ಹದಕ್ಕೆ ಬರಬಹುದು. ಆದರೆ ಉಯ್ಯಾಲೆ ತೂಗಿದರೆ ಡಬ್ಬಿ ತೆಗೆಯಲು ಬರುವುದಿಲ್ಲ. ಡಬ್ಬಿಯನ್ನು ಡಬ್ಬಿಯಿಂದಲೇ, ಊಟದ ಜಾಗದಲ್ಲೇ ಕಲಿಸಬೇಕು. ನಿಮ್ಮ ಥೆರಪಿಸ್ಟ್‌ಗೆ ಇದನ್ನು ನೇರವಾಗಿ ಕೇಳಿ. ಮುಂದಿನ ಸಲ ಹೋಗುವಾಗ ಶಾಲೆಯ ಚಡ್ಡಿ, ಬೆಲ್ಟು, ಡಬ್ಬಿ, ಬಾಟ್ಲಿ, ರೇನ್‌ಕೋಟ್ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.

ಕಡೂರು ಅಪ್ಪ:

ಮೇಡಂ, ತಪ್ಪು ತಿಳೀಬೇಡಿ. ನನ್ನ ಮಗನಿಗೆ ಆಟಿಸಂ ಇದೆ. ಮೂರು ವರ್ಷದಿಂದ ಥೆರಪಿಗೆ ಸುರೀತಿದ್ದೀನಿ. ನಮ್ಮ ಯೋಚನೆ ಒಂದೇ, ಅಕ್ಷರ ಕಲೀಲಿ, ಹತ್ತನೇ ಕ್ಲಾಸು ಪಾಸಾಗ್ಲಿ. ಊಟ, ಬಟ್ಟೆ ಹೇಗೋ ಆಗುತ್ತೆ, ಮನೇಲಿ ಅವರಮ್ಮ ಇದ್ದಾಳೆ. ಇರೋ ಒಂದು ಗಂಟೆ ಥೆರಪಿಯನ್ನ ಡಬ್ಬಿ ತೆಗೆಯೋಕೆ ಕಳೆದ್ರೆ ಬರವಣಿಗೆ ಯಾವಾಗ? ಇನ್ನು ಶಾಲೆಯವರು, ನಲವತ್ತು ಮಕ್ಕಳಿಗೆ ಒಬ್ಬ ಆಯಾ. ಅವರನ್ನೂ ಎಷ್ಟು ದೂರೋಕಾಗುತ್ತೆ?

ಆಲೂರಿನವಳು:

ಅಣ್ಣ, ನಿಮ್ಮ ಮಾತಿಗೆ ನಾನು ಉತ್ತರ ಹೇಳ್ತೀನಿ. ನನಗೆ ಸೆರೆಬ್ರಲ್ ಪಾಲ್ಸಿ, ಅಂದ್ರೆ ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗಲ್ಲ. ಈಗ ಇಪ್ಪತ್ತಾರು, ಕೆಲಸದಲ್ಲಿದ್ದೀನಿ. ಅಂಕ ನನಗೆ ಚೆನ್ನಾಗೇ ಬರ್ತಿತ್ತು, ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು.

ಆದ್ರೆ ಶಾಲೆ ಅಂದ ತಕ್ಷಣ ನನಗೆ ನೆನಪಾಗೋದು ಪಿ.ಟಿ. ಪೀರಿಯಡ್ಡು. ಎಲ್ಲರೂ ಫೀಲ್ಡಿಗೆ ಓಡೋರು. ನಾನು ಕ್ಲಾಸಲ್ಲಿ ಕೂತು ಚೀಲ ಕಾಯೋಳು. ಎಂಟು ವರ್ಷ ಚೀಲ ಕಾದೆ. ಯಾರೂ ಬೈತಿರಲಿಲ್ಲ, ಪಾಪ ಅಂತಾನೇ ಬಿಟ್ಟಿದ್ರು. ನೀರು ಕುಡಿಯದೆ ಇರೋ ವಿದ್ಯೆ ನಾನೂ ಕಲಿತಿದ್ದೆ. ಮೂಡಿಗೆರೆ ಅಕ್ಕನ ಪೋಸ್ಟ್ ಓದುವಾಗ ಗಂಟಲು ಒಣಗಿದ ಹಾಗಾಯ್ತು. ಹೈಸ್ಕೂಲಲ್ಲಿ ಎರಡು ಸಲ ಸೋಂಕಾಗಿ ವಾರಗಟ್ಟಲೆ ರಜೆ ಹಾಕಿದೆ. ಆ ವಾರಗಳಲ್ಲಿ ಹೋಗಿದ್ದು ಪಾಠವೇ ಅಲ್ವಾ ಅಣ್ಣ?

ಒಂಬತ್ತನೇ ಕ್ಲಾಸಲ್ಲಿ ಹೊಸದಾಗಿ ಬಂದ ಪಿ.ಟಿ. ಮೇಷ್ಟ್ರು ನನ್ನನ್ನ ಥ್ರೋಬಾಲ್ ಕೋರ್ಟಿನ ಗೆರೆ ಹತ್ತಿರ ಕುರ್ಚಿ ಹಾಕಿ ಕೂರಿಸಿದ್ರು. ಪಾಯಿಂಟ್ ಬರೆಯೋದು, ಸೀಟಿ ಊದೋದು ನನ್ನ ಕೆಲಸ. ಆಮೇಲೆ ಸರ್ವ್ ಮಾತ್ರ ನಾನು ಕೂತಲ್ಲಿಂದ ಎಸೆಯೋದು ಅಂತ ಹುಡುಗಿಯರೇ ನಿಯಮ ಮಾಡಿದ್ರು. ಇವತ್ತಿಗೂ ಫೋನ್ ಮಾಡೋ ಗೆಳತಿಯರು ಆ ಎರಡು ವರ್ಷದಲ್ಲಿ ಸಿಕ್ಕವರು.

ಅಕ್ಕ, ಪಕ್ಕದಲ್ಲಿ ಯಾವಾಗಲೂ ಕೂತಿರೋಕೆ ಒಬ್ಬರನ್ನ ಇಟ್ಕೊಳ್ಳಿ ಅಂತ ಶಾಲೆಯವರು ಹೇಳಿದ್ರೆ ಸ್ವಲ್ಪ ಯೋಚನೆ ಮಾಡಿ. ಕೆಲವು ಮಕ್ಕಳಿಗೆ ಅದು ಬೇಕೇ ಬೇಕು. ಆದ್ರೆ ಊಟದ ಹೊತ್ತಲ್ಲಿ, ಆಟದ ಹೊತ್ತಲ್ಲಿ ದೊಡ್ಡವರು ಅಂಟಿಕೊಂಡೇ ಇದ್ರೆ ಬೇರೆ ಮಕ್ಕಳು ಹತ್ತಿರ ಬರಲ್ಲ. ನಾನು ಅದನ್ನ ಅನುಭವಿಸಿದ್ದೀನಿ.

ಕಡೂರು ಅಪ್ಪ:

ತಂಗಿ, ಚೀಲ ಕಾಯೋ ವಿಷಯ ಮನಸ್ಸಿಗೆ ನಾಟಿತು. ನನ್ನ ಮಗ ಪಿ.ಟಿ. ಪೀರಿಯಡ್ಡಲ್ಲಿ ಏನು ಮಾಡ್ತಾನೆ ಅಂತ ನಾನು ಒಂದು ದಿನಾನೂ ಕೇಳಿಲ್ಲ. ನಾಳೆ ಕೇಳ್ತೀನಿ.

ಅರಸೀಕೆರೆ ಟೀಚರ್:

ನಮ್ಮದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನಮ್ಮಲ್ಲಿ ಥೆರಪಿಸ್ಟ್ ಯಾರೂ ಇಲ್ಲ. ಬಿ.ಆರ್.ಸಿ.ಯಿಂದ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಬರೋ ವಿಶೇಷ ಶಿಕ್ಷಕಿ ಹೇಳಿಕೊಟ್ಟಿದ್ದನ್ನ ಮಾಡ್ತೀವಿ. ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ.

ಮೂರನೇ ಕ್ಲಾಸಲ್ಲಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬೆಳವಣಿಗೆ, ಕಲಿಕೆ ನಿಧಾನ) ಇರೋ ಹುಡುಗಿ ಇದ್ದಾಳೆ. ಬಿಸಿಯೂಟದ ಜೊತೆ ಮೊಟ್ಟೆ ಕೊಡ್ತಾರಲ್ಲ, ಅದನ್ನ ಸುಲಿಯೋಕೆ ಅವಳಿಗೆ ಬರ್ತಿರಲಿಲ್ಲ. ಪಕ್ಕದ ಮಕ್ಕಳು ಪ್ರೀತಿಯಿಂದ ಸುಲಿದು ಕೊಡೋರು. ನಾವೂ ಒಳ್ಳೇದೇ ಅಲ್ವಾ ಅಂತ ಸುಮ್ಮನಿದ್ವಿ. ವಿಶೇಷ ಶಿಕ್ಷಕಿ ಬಂದವರು ಬೇರೆ ಥರ ಮಾಡಿಸಿದ್ರು. ಗೆಳತಿ ಪೂರ್ತಿ ಸುಲೀಬೇಕು, ಆದ್ರೆ ಕೊನೇಲಿ ಬೆರಳಗಲ ಸಿಪ್ಪೆ ಬಿಡಬೇಕು. ಅದನ್ನ ಇವಳು ತೆಗೀಬೇಕು. ಮೊದಲ ದಿನ ಆ ಚೂರು ಕಿತ್ತು ಕೈಲಿ ಹಿಡ್ಕೊಂಡು ಎಲ್ಲರಿಗೂ ತೋರಿಸಿ ಬಂದಳು. ಎರಡು ವಾರ ಆದಮೇಲೆ ಅರ್ಧ ಮೊಟ್ಟೆ. ಆಮೇಲೆ ತಟ್ಟೆ ಮೇಲೆ ಮೊಟ್ಟೆ ಇಟ್ಟು ಅಂಗೈಯಲ್ಲಿ ಒತ್ತಿ ಉರುಳಿಸೋದು, ಸಿಪ್ಪೆ ಎಲ್ಲ ಸಣ್ಣಗೆ ಬಿರುಕು ಬಿಡುತ್ತಲ್ಲ, ಹಾಗೆ. ದಸರಾ ರಜೆ ಮುಗಿಸಿ ಬಂದಮೇಲೆ ತಾನೇ ಪೂರ್ತಿ ಸುಲಿದಳು. ಬಿಳಿ ಭಾಗ ಸ್ವಲ್ಪ ಕಿತ್ತು ಬಂದಿತ್ತು, ಅಷ್ಟೇ. ಅಡುಗೆ ಅಕ್ಕ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ಕೊನೇ ಹೆಜ್ಜೆಯಿಂದ ಹಿಂದಕ್ಕೆ ಕಲಿಸೋದು ಅಂತ ಇದಕ್ಕೆ ಹೇಳ್ತಾರಂತೆ. ಪ್ರತಿ ಸಲವೂ ಮಗುವಿಗೆ ಮುಗಿಸಿದ ಸಂತೋಷ ಸಿಗುತ್ತೆ.

ಇನ್ನೊಬ್ಬ ಹುಡುಗ ಬೆಲ್ಲಿನ ಸದ್ದಿಗೆ ಕಿವಿ ಮುಚ್ಚಿ ಕೂಗೋನು. ನಮ್ಮದು ಜಂಕ್ಷನ್ ಊರು, ಶಾಲೆಯ ಬೆಲ್ಲೂ ತೂಗುಹಾಕಿದ ರೈಲುಕಂಬಿ ತುಂಡೇ. ಬೆಲ್ ಹೊಡೆಯೋ ಕೆಲಸ ಅವನಿಗೇ ಕೊಟ್ವಿ. ಸದ್ದು ಯಾವಾಗ ಬರುತ್ತೆ ಅಂತ ತನಗೇ ಗೊತ್ತಿದ್ರೆ ಹೆದರಿಕೆ ಕಮ್ಮಿ. ಪ್ರೇಯರಲ್ಲಿ ಅವನು ಸಾಲಿನ ಕೊನೇಲಿ ನಿಲ್ತಾನೆ, ಹಿಂದೆ ಯಾರೂ ಇರಲ್ಲ. ನಾಡಗೀತೆಗೆ ಮುಂಚೆ ಹಾಲಿನ ಲೋಟದ ಬುಟ್ಟಿ ಹೊತ್ತು ತರೋದು ಅವನೇ. ಭಾರ ಹೊತ್ತಮೇಲೆ ಮೈ ಒಂದು ಹದಕ್ಕೆ ಬರುತ್ತೆ. ಬಿಸಿ ಹಾಲಿನ ಸ್ಟೀಲ್ ಲೋಟ ಮಾತ್ರ ಅವನಿಗೆ ಅರ್ಧ ತುಂಬಿ ಎರಡು ಸಲ ಕೊಡ್ತೀವಿ.

ಕಡೂರು ಅಪ್ಪ ಅವರೇ, ನಲವತ್ತು ಮಕ್ಕಳು, ಒಬ್ಬ ಆಯಾ ಅನ್ನೋದು ಸುಳ್ಳಲ್ಲ. ಆದ್ರೆ ಇದರಲ್ಲಿ ಯಾವುದಕ್ಕೂ ಹೆಚ್ಚಿನ ಆಳು ಬೇಕಾಗಲಿಲ್ಲ. ಯಾರಾದ್ರೂ ಒಬ್ಬರು ಮಗುವನ್ನ ಸರಿಯಾಗಿ ನೋಡಿ ಹೇಳಬೇಕಿತ್ತು.

ಬಿ.ಆರ್.ಸಿ.ಯಲ್ಲಿ ಕೆಲಸ ಮಾಡುವವಳು:

ಕಾನೂನಿನ ವಿಷಯ ಯಾರೂ ಹೇಳಲಿಲ್ಲ, ನಾನು ಸೇರಿಸ್ತೀನಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಓದಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಿಗೆಲ್ಲ ಅದು ಅನ್ವಯಿಸುತ್ತೆ, ಖಾಸಗಿಯವೂ ಬಂತು. ಪಾಠದ ಜೊತೆ ಆಟ, ಮನರಂಜನೆಯಲ್ಲೂ ಬೇರೆ ಮಕ್ಕಳ ಸಮನಾಗಿ ಅವಕಾಶ ಕೊಡಬೇಕು, ಕಟ್ಟಡ ಮತ್ತು ಸೌಕರ್ಯಗಳು ಮಗುವಿನ ಕೈಗೆಟುಕುವಂತಿರಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅಂತ ಅದರಲ್ಲಿದೆ. ಆದ್ದರಿಂದ ಎಲಾಸ್ಟಿಕ್ ಚಡ್ಡಿಗೆ, ಐದು ನಿಮಿಷ ಮುಂಚೆ ಟಾಯ್ಲೆಟ್ಟಿಗೆ ಬಿಡೋದಕ್ಕೆ ನೀವು ಕೈ ಮುಗಿದು ಬೇಡಬೇಕಾಗಿಲ್ಲ. ಜಗಳವೂ ಬೇಡ. ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು ಮುಖ್ಯ ಶಿಕ್ಷಕರಿಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ತಪಾಸಣೆ ಇನ್ನೂ ಆಗದ ಮಕ್ಕಳಿದ್ರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹೇಳಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಅದು ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ಜೊತೆ ಓ.ಟಿ.ಯೂ ಇದೆ, ನಮ್ಮ ಕಡೆಯ ಎಷ್ಟೋ ಜನ ಅಲ್ಲಿಗೆ ಹೋಗಿಬರ್ತಾರೆ. ಆದ್ರೆ ಒಂದು ದಿನದ ಕೂಲಿ, ಬಸ್ ಚಾರ್ಜು ಬಿಟ್ಟು ಎಷ್ಟು ಸಲ ಹೋಗೋಕಾಗುತ್ತೆ? ತೋಟದ ಲೈನ್ ಮನೆಗಳ ಮಕ್ಕಳು ಒಂದೆರಡು ಸಲ ಹೋಗಿ ನಿಂತುಬಿಡ್ತಾರೆ, ನಾನು ನೋಡ್ತಾನೇ ಇದ್ದೀನಿ. ತಾಲ್ಲೂಕಿಗೊಬ್ಬ ಓ.ಟಿ. ಇದ್ದು, ಶಾಲೆಯಿಂದ ಶಾಲೆಗೆ ಹೋಗೋ ಹಾಗಿರಬೇಕು. ಇದನ್ನ ಎಲ್ಲ ಸಭೆಯಲ್ಲೂ ಹೇಳ್ತಿದ್ದೀನಿ, ಇನ್ನು ಮುಂದೆಯೂ ಹೇಳ್ತೀನಿ.

ಮೂಡಿಗೆರೆ ಅಮ್ಮ:

ಎಲ್ಲರಿಗೂ ಕೈ ಮುಗೀತೀನಿ. ಎಲ್ಲ ಪ್ರಿಂಟ್ ತೆಗೆಸಿ ಇಟ್ಕೊಂಡಿದ್ದೀನಿ. ಹಾಸನದ ಮೇಡಂ, ಎರಡು ಪ್ರಶ್ನೆ ಉಳಿದಿವೆ. ನಮ್ಮ ಕಡೆ ಜೂನಿಂದ ಆಗಸ್ಟ್ ತನಕ ಫೀಲ್ಡಿಗೆ ಬಿಡೋ ಮಾತೇ ಇಲ್ಲ. ಎಲ್ಲ ಮಕ್ಕಳೂ ಶೀಟು ಹೊದಿಸಿದ ಜಗಲಿಯಲ್ಲೇ. ಶೀಟಿನ ಮೇಲೆ ಮಳೆ ಹೊಡೆಯೋ ಸದ್ದು, ಅದರ ಮೇಲೆ ಮಕ್ಕಳ ಕೂಗು. ಅವನು ಗೋಡೆಗೆ ಅಂಟಿಕೊಳ್ಳೋದು ಅಲ್ಲೇ. ಇನ್ನೊಂದು, ಆ ರೇನ್‌ಕೋಟ್.

ಹಾಸನದ ಓ.ಟಿ.:

ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು ಅವನೇ ಕಂಡುಕೊಂಡ ಉಪಾಯ ಅಮ್ಮ. ಹಿಂದಿನಿಂದ ಯಾರೂ ತಾಗದಿರಲಿ ಅಂತ. ಅದನ್ನು ಕಿತ್ತುಕೊಳ್ಳಬೇಡಿ. ಗೋಡೆಯ ಪಕ್ಕದಲ್ಲೇ ಒಂದು ಆಟ ತನ್ನಿ. ಸದ್ದು ಕಡಿಮೆ ಇರುವ ತುದಿಯಲ್ಲಿ ಸೀಮೆಸುಣ್ಣದಿಂದ ಚೌಕಾಬಾರದ ಮನೆ ಬರೆದು, ಒಬ್ಬನೇ ಒಬ್ಬ ಸಹಪಾಠಿಯನ್ನು ಜೊತೆಗೆ ಕೂರಿಸಲಿ. ಚೌಕಾಬಾರದಲ್ಲಿ ಸರದಿ ಕಾಯುವುದಿದೆ, ಕವಡೆ ಹಿಡಿದು ಬಿಡುವುದಿದೆ, ಲೆಕ್ಕವಂತೂ ಅವನಿಗೆ ಬರುತ್ತದೆ. ತನಗೆ ಬರುವುದರಿಂದ ಶುರು ಮಾಡಿದ ಮಗು ಬೇಗ ಅರಳುತ್ತದೆ. ಮಳೆ ನಿಂತ ಮೇಲೆ ಲಗೋರಿಗೆ ಕರೆದುಕೊಂಡು ಹೋಗಿ. ಮೊದಲು ಕಲ್ಲು ಜೋಡಿಸುವ ಕೆಲಸ ಮಾತ್ರ ಅವನದು. ಓಡುವುದು, ಚೆಂಡಿನಿಂದ ತಪ್ಪಿಸಿಕೊಳ್ಳುವುದು ಆಮೇಲೆ ಬರಲಿ.

ಮೈ ಚಲನೆಯನ್ನು ಹೊಂದಿಸಿಕೊಳ್ಳುವ ತೊಂದರೆ ನೂರಕ್ಕೆ ಐದಾರು ಶಾಲಾ ಮಕ್ಕಳಲ್ಲಿ ಇರುತ್ತದೆ. ಬಹಳಷ್ಟು ಮಕ್ಕಳು ಸೋಮಾರಿ, ಎಡವಟ್ಟು ಅನ್ನಿಸಿಕೊಂಡೇ ದೊಡ್ಡವರಾಗುತ್ತಾರೆ. ಆಟದಲ್ಲಿ ಯಾರೂ ಸೇರಿಸಿಕೊಳ್ಳದ ಮಗು ಕಾಣಿಸಿದರೆ ಟೀಚರುಗಳು ಒಮ್ಮೆ ಈ ದಿಕ್ಕಿನಲ್ಲೂ ನೋಡಬೇಕು ಅಂತ ನನ್ನ ಕೋರಿಕೆ.

ರೇನ್‌ಕೋಟ್ ಹೀಗೆ ಮಾಡಿ. ಒಣ ನೆಲದ ಮೇಲೆ ಕೋಟನ್ನು ಬಿಚ್ಚಿ ಹರಡಿ, ಒಳಮೈ ಮೇಲಕ್ಕೆ ಇರಲಿ. ಕಾಲರ್ ಅವನ ಪಾದದ ಕಡೆಗೆ ಬರಬೇಕು. ಅವನು ಬಗ್ಗಿ ಎರಡೂ ಕೈಯನ್ನು ತೋಳಿನೊಳಗೆ ತೂರಿಸಲಿ, ಕೈ ಮೇಲೆತ್ತಿ ಕೋಟನ್ನು ತಲೆಯ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಲಿ. ಹಿಂದೆ ಕೈ ಹಾಕಿ ಎರಡನೇ ತೋಳು ಹುಡುಕುವ ಕಷ್ಟವೇ ಇರುವುದಿಲ್ಲ. ಒಂದು ಸೈಜು ದೊಡ್ಡದು ಕೊಳ್ಳಿ. ಒತ್ತುಗುಂಡಿ ಅವನಿಗೆ ಬಿಗಿಯಾದರೆ ವೆಲ್‌ಕ್ರೋ ಹೊಲಿಸಿ. ಮನೆಯಲ್ಲಿ ಮಳೆ ಇಲ್ಲದ ಹೊತ್ತಲ್ಲಿ, ಅವಸರವಿಲ್ಲದೆ ಅಭ್ಯಾಸ ಮಾಡಿಸಿ. ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ ಯಾವ ಮಗುವೂ ಹೊಸದನ್ನು ಕಲಿಯುವುದಿಲ್ಲ.

ಮೂಡಿಗೆರೆ ಅಮ್ಮ (ಮೂರು ವಾರದ ನಂತರ):

ಹೇಳೋದು ತುಂಬಾ ಇದೆ. ನಮ್ಮ ಥೆರಪಿಸ್ಟ್‌ಗೆ ಶಾಲೆಯ ತನಕ ಬರೋಕಾಗಲಿಲ್ಲ. ಮಿಸ್ ಹತ್ತಿರ ಒಪ್ಪಿಗೆ ತಗೊಂಡು, ಬೇರೆ ಮಕ್ಕಳು ಕಾಣದ ಹಾಗೆ ನನ್ನ ಮಗ ಊಟಕ್ಕೆ ಕೂತಿದ್ದನ್ನ ಮಾತ್ರ ವಿಡಿಯೋ ಮಾಡಿ ತೋರಿಸಿದೆ. ನೋಡಿದ ಕೂಡಲೇ ಅವರು ಹೇಳಿದ್ದು ಕಾಲಿನ ವಿಷಯವೇ. ನಮ್ಮೆಜಮಾನರು ಸಿಲ್ವರ್ ಓಕ್ ಹಲಗೆಯಲ್ಲಿ ಮಣೆ ಮಾಡಿಸಿ ತಂದ್ರು. ಡಬ್ಬಿಗೆ ಎರಡು ಬಿಗಿ ಕ್ಲಿಪ್ಪಿತ್ತು, ಬದಲಾಯಿಸಿದೆ. ಡಬ್ಬಿಯ ಕೆಳಗೆ ಒದ್ದೆ ಕರ್ಚೀಫು ಹಾಸಿದ್ರೆ ಜಾರಲ್ಲ. ಅನ್ನ ಸಾರು ಬಿಟ್ಟು ಅಕ್ಕಿರೊಟ್ಟಿ ಸುರುಳಿ ಸುತ್ತಿ ಕೊಡ್ತಿದ್ದೀನಿ, ಎರಡು ತಿಂತಾನೆ.

ಟಾಯ್ಲೆಟ್ಟಿನಲ್ಲಿ ನಿಜವಾದ ತೊಡಕು ಬೆಲ್ಟಿನ ಬಕಲ್ಲು. ಇಷ್ಟು ದಿನ ನನಗೆ ತಿಳೀಲೇ ಇಲ್ಲ. ಬಿಚ್ಚಿದ್ರೆ ಮತ್ತೆ ಹಾಕೋಕೆ ಬರಲ್ಲ, ಬೆಲ್ಟಿಲ್ಲದೆ ಕ್ಲಾಸಿಗೆ ಬಂದ್ರೆ ಬೈತಾರೆ ಅಂತ ಹೆದರಿಕೆ. ಒಂದು ಅರ್ಜಿ ಬರೆದುಕೊಟ್ಟೆ, ಹೆಡ್ ಮಿಸ್ ಓದಿ ಅಲ್ಲೇ ಸರಿ ಅಂದ್ರು. ಈಗ ಬೆಲ್ಟ್ ಇಲ್ಲ, ಎಲಾಸ್ಟಿಕ್ ಚಡ್ಡಿ. ಬೆಲ್ಲಿಗೆ ಮುಂಚೆ ಹೋಗಿ ಬರ್ತಾನೆ. ನಿನ್ನೆ ಬಾಟ್ಲಿಯಲ್ಲಿ ಎರಡು ಬೆರಳಷ್ಟು ನೀರು ಮಾತ್ರ ಉಳಿದಿತ್ತು.

ರೇನ್‌ಕೋಟ್ ಇನ್ನೂ ಅರ್ಧಂಬರ್ಧ, ಎರಡು ಸಲ ತಲೆಗೆ ಸಿಕ್ಕಿಹಾಕ್ಕೊಂಡು ಅತ್ತ. ಪ್ರೇಯರಲ್ಲಿ ಓಡೋದೂ ಪೂರ್ತಿ ನಿಂತಿಲ್ಲ. ಈಗ ಆಗಸ್ಟ್ 15 ಬರ್ತಿದೆ. ಬ್ಯಾಂಡ್ ಸೆಟ್ಟು, ಮೈಕು. ಅವತ್ತು ರಜೆ ಹಾಕಿಸ್ಲಾ?

ಅರಸೀಕೆರೆ ಟೀಚರ್:

ಬೇಡ ಅಮ್ಮ, ಕರ್ಕೊಂಡು ಹೋಗಿ. ಹಿಂದಿನ ದಿನ ರಿಹರ್ಸಲ್ ದೂರದಿಂದ ತೋರಿಸಿ. ಮೈಕಿನ ಪೆಟ್ಟಿಗೆಯಿಂದ ದೂರ, ಗೇಟಿನ ಕಡೆಯ ಸಾಲಲ್ಲಿ ನಿಲ್ಲಿಸೋಕೆ ಮಿಸ್ಸಿಗೆ ಹೇಳಿ. ಬ್ಯಾಂಡ್ ಶುರುವಾದಾಗ ಕಿವಿಗೆ ಟೋಪಿ ಎಳೆದುಕೊಳ್ಳಲಿ. ಸಾಕು ಅನ್ನಿಸಿದ್ರೆ ಆಫೀಸ್ ರೂಮಿಗೆ ಹೋಗಬಹುದು ಅಂತ ಮೊದಲೇ ಹೇಳಿಟ್ಟಿರಿ. ಜೊತೆಗೆ ಅವನಿಗೊಂದು ಕೆಲಸ ಕೊಡಿಸಿ.

ಮೂಡಿಗೆರೆ ಅಮ್ಮ:

ಮಿಸ್ಸಿಗೆ ಈಗಷ್ಟೇ ಫೋನ್ ಮಾಡಿದ್ದೆ. ಲಾಡು ಹಂಚುವಾಗ ಬುಟ್ಟಿ ಹಿಡ್ಕೊಳ್ಳೋದು ಅವನ ಕೆಲಸ ಅಂತೆ. ಹೇಳಿದ ತಕ್ಷಣ, ನಮ್ಮ ಕ್ಲಾಸಲ್ಲಿ ಮೂವತ್ತೆರಡು ಜನ, ಎಷ್ಟು ಲಾಡು ಹಾಕ್ತಾರಮ್ಮ ಅಂತ ಕೇಳ್ತಿದ್ದಾನೆ.